ತೋಟದ ತ್ಯಾಜ್ಯದಿಂದ ಬಟ್ಟೆಗೆ ಬಣ್ಣ: ಚೊಗರು, ಚೆಂಡುಹೂ ಮತ್ತು ದಾಳಿಂಬೆ ಸಿಪ್ಪೆ

ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಸುಲಿದು ಬೇಯಿಸಿದ ಬಳಿಕ ಹಂಡೆಯಲ್ಲಿ ಚೊಗರು ಉಳಿಯುತ್ತದೆ. ಒಂದು ಪಾಲು ಅಡಿಕೆಗೇ ಬಣ್ಣ ಕೊಡಲು ಬಳಕೆಯಾಗಿ, ಮಿಕ್ಕದ್ದು ಹಲವೆಡೆ ಹಳ್ಳ ಸೇರಿ ನೀರನ್ನು ಕೆಡಿಸುತ್ತದೆ. ಹಬ್ಬ ಕಳೆದು ಬೆಲೆ ಕುಸಿದಾಗ ಚೆಂಡುಹೂ ರಸ್ತೆಬದಿಗೆ ಬೀಳುತ್ತದೆ. ಬಿರಿದ ದಾಳಿಂಬೆಯ ಸಿಪ್ಪೆ ತಿಪ್ಪೆಗೆ ಹೋಗುತ್ತದೆ. ಈ ಮೂರೂ ಹತ್ತಿಬಟ್ಟೆಗೆ ಒಳ್ಳೆಯ ಬಣ್ಣ ಕೊಡಬಲ್ಲ ವಸ್ತುಗಳು. 1990ರ ದಶಕದಲ್ಲಿ ಆರಂಭವಾದ, ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ‘ಚರಕ’ ಮಹಿಳಾ ಸಹಕಾರಿ ಸಂಘವು ಚೊಗರು ಮೊದಲಾದವುಗಳಿಂದ ಬಣ್ಣ ಹಾಕಿದ ಕೈಮಗ್ಗದ ಉಡುಪುಗಳನ್ನು ಮಾರುಕಟ್ಟೆಗೆ ತಂದು ತೋರಿಸಿದೆ. ಆದರೆ ಬಣ್ಣ ಬರಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಈ ಕೆಲಸದ ಲಾಭ ನಷ್ಟವೆಲ್ಲ ಅದರಲ್ಲಿಯೇ ಅಡಗಿದೆ.

ಬಣ್ಣ ಹೇಗೆ ನಿಲ್ಲುತ್ತದೆ?

ಹೂವಿನ ರಸದಲ್ಲಿ ಬಟ್ಟೆಯನ್ನು ಕುದಿಸಿದ ಮಾತ್ರಕ್ಕೆ ಬಣ್ಣ ನಿಲ್ಲುವುದಿಲ್ಲ. ಎಳೆಗೂ ಬಣ್ಣಕ್ಕೂ ನಡುವೆ ಕೊಂಡಿಯಾಗಿ ನಿಲ್ಲುವ ವಸ್ತುವೊಂದು ಬೇಕು. ಇದನ್ನು ವರ್ಣಬಂಧಕ ಎನ್ನುತ್ತಾರೆ. ಪಟಿಕ ಮತ್ತು ಅನ್ನಭೇದಿ ಇಂತಹ ವಸ್ತುಗಳು. ರೇಷ್ಮೆ, ಉಣ್ಣೆಗಳು ಪಟಿಕವನ್ನು ಸುಲಭವಾಗಿ ಹಿಡಿಯುತ್ತವೆ, ಹತ್ತಿ ಹಿಡಿಯುವುದಿಲ್ಲ. ಆದ್ದರಿಂದ ಹತ್ತಿಬಟ್ಟೆಗೆ ಮೊದಲು ಅಳಲೆಕಾಯಿಯ ಒಗರು ಕುಡಿಸಿ, ನಂತರ ಪಟಿಕ ಕೊಡಬೇಕು. ಒಗರಿನಲ್ಲಿರುವ ಟ್ಯಾನಿನ್ ಎಂಬ ಅಂಶ ಪಟಿಕವನ್ನು ಎಳೆಗೆ ಹಿಡಿದಿಡುತ್ತದೆ. ಚೊಗರಿನಲ್ಲಿ ಟ್ಯಾನಿನ್ ಸ್ವಾಭಾವಿಕವಾಗಿಯೇ ಹೆಚ್ಚಾಗಿರುವುದರಿಂದ ಅದಕ್ಕೆ ಅಳಲೆಕಾಯಿ ಬೇಕಿಲ್ಲ.

ವಿಧಾನ (1 ಕಿಲೋ ಒಣ ಬಟ್ಟೆಗೆ)

1. ಗಂಜಿ ತೆಗೆಯುವುದು: 20 ಲೀಟರ್ ನೀರಿಗೆ 20-30 ಗ್ರಾಂ ವಾಷಿಂಗ್ ಸೋಡ ಮತ್ತು ಸ್ವಲ್ಪ ಸಾಬೂನು ಹಾಕಿ ಬಟ್ಟೆಯನ್ನು 1 ಗಂಟೆ ಕುದಿಸಿ ಚೆನ್ನಾಗಿ ಜಾಲಿಸಬೇಕು. ಗಂಜಿ ಉಳಿದ ಕಡೆ ಬಣ್ಣ ಏರದೆ ಮಚ್ಚೆ ಬೀಳುತ್ತದೆ.

2. ಒಗರು ಕುಡಿಸುವುದು: 150-200 ಗ್ರಾಂ ಅಳಲೆಕಾಯಿ ಪುಡಿಯನ್ನು ರಾತ್ರಿ ನೆನೆಸಿ ಸೋಸಿ, ಆ ನೀರಿನಲ್ಲಿ ಬಟ್ಟೆಯನ್ನು 12 ಗಂಟೆ ಮುಳುಗಿಸಿಡಬೇಕು. ಹಿಂಡಿ, ತೊಳೆಯದೆ ನೆರಳಿನಲ್ಲಿ ಒಣಗಿಸಬೇಕು.

3. ಪಟಿಕ: 100-150 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಒಂದು ರಾತ್ರಿ ನೆನೆಸಿ ಹಗುರವಾಗಿ ಜಾಲಿಸಬೇಕು.

4. ಬಣ್ಣ: 500 ಗ್ರಾಂ ಒಣಗಿದ ಚೆಂಡುಹೂ ಎಸಳು ಅಥವಾ ಅಷ್ಟೇ ತೂಕದ ಒಣ ದಾಳಿಂಬೆ ಸಿಪ್ಪೆಯನ್ನು 1 ಗಂಟೆ ಕುದಿಸಿ ಸೋಸಬೇಕು. ಆ ರಸದಲ್ಲಿ ಬಟ್ಟೆಯನ್ನು ಕುದಿ ಬಾರದಂತೆ, ಆವಿಯಾಡುವಷ್ಟು ಬಿಸಿಯಲ್ಲಿ 1 ಗಂಟೆ ತಿರುವುತ್ತಿದ್ದು, ಅದರಲ್ಲಿಯೇ ಆರಲು ಬಿಡಬೇಕು. ಚೊಗರಿನ ಸಾಂದ್ರತೆ ಹಂಡೆಯಿಂದ ಹಂಡೆಗೆ ಬೇರೆಯಾಗುವುದರಿಂದ ಮೊದಲು ತುಂಡುಬಟ್ಟೆಯಲ್ಲಿ ನೋಡಿಯೇ ಮುಂದುವರಿಯುವುದು ಸೂಕ್ತ.

5. ಛಾಯೆ ಬದಲಿಸುವುದು: 10-20 ಗ್ರಾಂ ಅನ್ನಭೇದಿ ಕರಗಿಸಿದ ನೀರಿನಲ್ಲಿ ಬಟ್ಟೆಯನ್ನು 5-10 ನಿಮಿಷ ಅದ್ದಿದರೆ ಚೆಂಡುಹೂವಿನ ಹಳದಿ ಪಾಚಿಹಸಿರಾಗುತ್ತದೆ, ದಾಳಿಂಬೆಯ ಹಳದಿ ಬೂದುಗಪ್ಪಾಗುತ್ತದೆ, ಚೊಗರಿನ ಕಂದು ಕಪ್ಪಿಗೆ ತಿರುಗುತ್ತದೆ. ಎಲೆಯಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವಂತೆ, ಚೊಗರಿನ ಬಟ್ಟೆಯನ್ನು ಸುಣ್ಣದ ತಿಳಿಯಲ್ಲಿ ಅದ್ದಿದರೆ ಕೆಂಪು ಹೆಚ್ಚುತ್ತದೆ. ಅನ್ನಭೇದಿ ಹೆಚ್ಚಾದರೆ ಎಳೆ ಲಡ್ಡಾಗಿ ಬಟ್ಟೆ ಬೇಗ ಹರಿಯುತ್ತದೆ.

ಸ್ಟೀಲ್ ಪಾತ್ರೆ ಬಳಸಬೇಕು. ಕಬ್ಬಿಣದ ಬಾಣಲೆಯಲ್ಲಿ ಹಳದಿ ಮಂಕಾಗುತ್ತದೆ. ಕಬ್ಬಿಣದ ಅಂಶವಿರುವ ಕೊಳವೆಬಾವಿ ನೀರಿಗೂ ಇದೇ ದೋಷವಿದೆ. ಮಳೆನೀರು ಉತ್ತಮ.

ಉಡುಪಿನ ವಿನ್ಯಾಸ

ಎರಡು ಸಲ ಹಾಕಿದ ಬಣ್ಣ ಒಂದೇ ತೆರನಾಗಿರುವುದು ಅಪರೂಪ. ಆದ್ದರಿಂದ ಒಂದು ರವಿಕೆ ಅಥವಾ ಜುಬ್ಬಕ್ಕೆ ಬೇಕಾದ ಬಟ್ಟೆಯನ್ನೆಲ್ಲ ಒಂದೇ ಹಂಡೆಯಲ್ಲಿ ಅದ್ದಬೇಕು. ತೋಳಿಗೊಂದು, ಮೈಗೊಂದು ಹಂಡೆಯ ಬಟ್ಟೆ ಸಲ್ಲದು. ನೂಲಿಗೇ ಬಣ್ಣ ಹಾಕಿ ಪಟ್ಟೆ, ಚೌಕಳಿ ನೇಯಿಸಿದರೆ ಈ ವ್ಯತ್ಯಾಸವೇ ಅಂದವಾಗುತ್ತದೆ. ಹಳದಿ ಬಟ್ಟೆಯ ಅಂಚನ್ನು ಮಾತ್ರ ಅನ್ನಭೇದಿ ನೀರಿನಲ್ಲಿ ಅದ್ದಿ ಹಸಿರು ಅಂಚು ಪಡೆಯಬಹುದು. ಬಟ್ಟೆಯೊಳಗೆ ಕಾಳು ಇಟ್ಟು ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿ ಅದ್ದಿದರೆ, ಬಿಚ್ಚಿದ ಮೇಲೆ ಕಟ್ಟಿದ ಜಾಗದಲ್ಲಿ ಬಿಳಿ ಉಂಗುರಗಳು ಮೂಡುತ್ತವೆ.

ಮಾರುವ ಮುನ್ನ ಪರೀಕ್ಷೆ

ಒಂದು ರವಿಕೆ ಬಣ್ಣ ಬಿಟ್ಟು ಗಿರಾಕಿಯ ಸೀರೆ ಹಾಳಾದರೆ, ಆ ಸಂಘದ ಬಟ್ಟೆಯನ್ನು ಆ ಊರಿನಲ್ಲಿ ಮತ್ತೆ ಯಾರೂ ಕೊಳ್ಳರು. ಪ್ರತಿ ಹಂಡೆಯ ತುಂಡೊಂದನ್ನು ತೆಗೆದಿಟ್ಟು ಈ ಮೂರು ಪರೀಕ್ಷೆಗಳನ್ನು ತಪ್ಪದೆ ಮಾಡಬೇಕು.

ತೊಳೆತ: ತುಂಡಿಗೆ ಬಿಳಿ ಬಟ್ಟೆ ಹೊಲಿದು ಸಾಬೂನಿನಲ್ಲಿ 5 ಸಲ ಒಗೆಯಬೇಕು. ಬಿಳಿ ಬಟ್ಟೆಗೆ ಬಣ್ಣ ಹತ್ತಬಾರದು.

ಉಜ್ಜು: ಒದ್ದೆ ಬಿಳಿ ಬಟ್ಟೆಯಿಂದ 10 ಸಲ ಉಜ್ಜಿ ನೋಡಬೇಕು.

ಬಿಸಿಲು: ತುಂಡಿನ ಅರ್ಧಭಾಗವನ್ನು ರಟ್ಟಿನಿಂದ ಮುಚ್ಚಿ 10 ದಿನ ಬಿಸಿಲಿಗಿಟ್ಟು, ಎರಡೂ ಭಾಗಗಳನ್ನು ಹೋಲಿಸಬೇಕು.

ಅರಿಸಿನ ಎಷ್ಟೇ ಹೊಳೆದರೂ ಬಿಸಿಲಿನ ಪರೀಕ್ಷೆಯಲ್ಲಿ ಸೋಲುತ್ತದೆ. ಬೀಟ್‌ರೂಟಿನ ಕೆಂಪೂ ಬಟ್ಟೆಯಲ್ಲಿ ಬಾಳುವುದಿಲ್ಲ. ಇವುಗಳನ್ನು ಮಾರಾಟದ ಬಟ್ಟೆಗೆ ಬಳಸಬಾರದು.

ಎಚ್ಚರಿಕೆಗಳು

ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮನೆಯಲ್ಲಿದೆ ಎಂದು ಅದನ್ನು ಬಣ್ಣಕ್ಕೆ ಬಳಸಕೂಡದು. ಅದೂ ಬಣ್ಣ ಕಚ್ಚಿಸುತ್ತದೆ ನಿಜ, ಆದರೆ ಉಳಿದ ನೀರು ಮೀನುಗಳಿಗೆ ವಿಷ. ಅಡುಗೆ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸಬಾರದು; ಪುಡಿಗಳು ಮಕ್ಕಳ ಕೈಗೆ ಸಿಗದಂತಿಡಬೇಕು. ಪಟಿಕದ ನೀರನ್ನು ಚೆಲ್ಲದೆ, ಮತ್ತಷ್ಟು ಪಟಿಕ ಸೇರಿಸಿ ಮುಂದಿನ ಹಂಡೆಗೆ ಬಳಸಬಹುದು. ಸೋಸಿ ಉಳಿದ ಚರಟವನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ಬಣ್ಣಕ್ಕಾಗಿ ಕಾಡಿನ ಮರಗಳ ತೊಗಟೆ ಕೆತ್ತುವುದು ಸಲ್ಲದು.

ಪ್ರತಿ ಹಂಡೆಯ ದಿನಾಂಕ, ತೂಕ, ನೀರಿನ ಮೂಲ ಮತ್ತು ಪರೀಕ್ಷೆಯ ಫಲವನ್ನು ಬರೆದು, ಪಕ್ಕದಲ್ಲಿ ಬಟ್ಟೆಯ ತುಂಡು ಅಂಟಿಸಿದ ಪುಸ್ತಕವನ್ನು ಪ್ರತಿ ಸಂಘವೂ ಇಡತಕ್ಕದ್ದು. ವಿಸ್ತರಣಾ ಕಾರ್ಯಕರ್ತರು ಮೊದಲ ಹಂಗಾಮಿನಲ್ಲಿ ಮಾರಾಟದ ಮಾತೆತ್ತದೆ, ಈ ಪುಸ್ತಕ ತುಂಬಿಸುವುದಕ್ಕೆ ನೆರವಾದರೆ ಎರಡನೆಯ ಹಂಗಾಮಿನಲ್ಲಿ ಗಿರಾಕಿಗೆ ಧೈರ್ಯವಾಗಿ ಮಾತು ಕೊಡಬಹುದಾದ ಬಟ್ಟೆ ಕೈಯಲ್ಲಿರುತ್ತದೆ.