ಒಲೆಯ ಉರಿ, ಗಾಳಿಯ ಹದ ಮತ್ತು ತಾಯಿ-ಮಗುವಿನ ಆರೋಗ್ಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಹಳ್ಳಿಗಳಲ್ಲಿ ಅಡುಗೆ ಅನಿಲ ಬಂದಿರುವ ಎಷ್ಟೋ ಮನೆಗಳಲ್ಲಿಯೂ ಮುದ್ದೆಗೆ, ಸ್ನಾನದ ನೀರಿಗೆ ಸೌದೆಯ ಒಲೆಯೇ ಉರಿಯುತ್ತದೆ. ಹಿಪ್ಪುನೇರಳೆ ಕಡ್ಡಿ, ನೀಲಗಿರಿ, ಜಾಲಿ ಇಲ್ಲಿಯ ಉರುವಲು. ಒಲೆಯ ಮುಂದೆ ಕುಳಿತ ಗೃಹಿಣಿಯ ಕಣ್ಣುರಿ, ಕೆಮ್ಮುಗಳನ್ನು ನಾವು ಸಹಜವೆಂದೇ ಭಾವಿಸಿದ್ದೇವೆ. ಅದು ಸಹಜವಲ್ಲ; ದಂಪತಿಗಳು ಮನಸ್ಸು ಮಾಡಿದರೆ ಬಹುಮಟ್ಟಿಗೆ ತಡೆಯಬಹುದಾದ ತೊಂದರೆ.

ಹೊಗೆ ಎಂದರೇನು?

ಸೌದೆ ಕಾದಾಗ ಮೊದಲು ಅದರ ನೀರಿನಂಶ ಆವಿಯಾಗುತ್ತದೆ. ಬಳಿಕ ಅದರ ತೂಕದ ಬಹುಪಾಲು ಅನಿಲರೂಪದಲ್ಲಿ ಹೊರಬರುತ್ತದೆ, ಉಳಿದುದು ಕೆಂಡ. ಈ ಅನಿಲಕ್ಕೆ ಸಾಕಷ್ಟು ಗಾಳಿಯೂ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖವೂ ದೊರೆತರೆ ಅದು ಜ್ವಾಲೆಯಾಗಿ ಉರಿಯುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಹೊಗೆಯಾಗುತ್ತದೆ. ಹೊಗೆಯೆಂದರೆ ಉರಿಯದೆ ವ್ಯರ್ಥವಾದ ಸೌದೆಯೇ.

ಇದರಿಂದಾಗುವ ಹಾನಿ

ಹೊಗೆಯಲ್ಲಿರುವ ಇಂಗಾಲದ ಮೋನಾಕ್ಸೈಡ್, ರಕ್ತವು ಆಮ್ಲಜನಕವನ್ನು ಒಯ್ಯುವುದಕ್ಕೆ ಅಡ್ಡಿಯಾಗುತ್ತದೆ. ಗರ್ಭಿಣಿಯು ನಿತ್ಯವೂ ಹೊಗೆ ಕುಡಿದರೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಕಂಕುಳಲ್ಲಿರುವ ಕೂಸಿಗೆ ನ್ಯುಮೋನಿಯಾ, ಹಿರಿಯರಿಗೆ ಶ್ವಾಸಕೋಶದ ದೀರ್ಘರೋಗ, ಕಣ್ಣಿನ ಪೊರೆ ಬರಬಹುದು. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಗಾಳಿ ಮತ್ತು ಶಾಖದ ಹದ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ನಮ್ಮ ರಾಜ್ಯದ ಹಳ್ಳಿಗಳಿಗಾಗಿ ರೂಪಿಸಿದ 'ಅಸ್ತ್ರ ಒಲೆ' ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಉರಿ ಮುಚ್ಚಿದ ಗೂಡಿನಲ್ಲಿರುತ್ತದೆ. ಸೌದೆಯ ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಯಲ್ಲಿ ಹೊಗೆಕೊಳವೆ. ಬಿಸಿಗಾಳಿ ಹಗುರವಾಗಿ ಕೊಳವೆಯಲ್ಲಿ ಮೇಲೇರುವಾಗ ಹೊಸ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ; ಅದು ಜಾಲರಿಯ ಮೂಲಕ ಸೌದೆಗೆ ತಲಪುತ್ತದೆ. ಗಾಳಿ ಕಡಿಮೆಯಾದರೆ ಹೊಗೆ. ಅತಿಯಾದರೆ ಉರಿ ತಣ್ಣಗಾಗಿ ಸೌದೆ ನಷ್ಟ. ನಿಮ್ಮ ಮನೆಯ ಒಲೆ ಯಾವುದೇ ಆಗಿರಲಿ, ಈ ನಿಯಮಗಳನ್ನು ಪಾಲಿಸಿರಿ:

1. ಸೌದೆಯನ್ನು ತೆಳ್ಳಗೆ ಸೀಳಿ, ಬಿಸಿಲಲ್ಲಿ ಒಣಗಿಸಿ, ಮಳೆ ತಾಗದಂತೆ ಇಡಿರಿ. ಹಸಿ ಸೌದೆಯ ಶಾಖ ಅದರ ನೀರನ್ನು ಆರಿಸುವುದಕ್ಕೇ ವ್ಯಯವಾಗುತ್ತದೆ.

2. ದಿನವೂ ಬೂದಿ ತೆಗೆಯಿರಿ. ಬೂದಿ ತುಂಬಿದರೆ ಕೆಳಗಿನ ಗಾಳಿ ನಿಲ್ಲುತ್ತದೆ.

3. ಒಲೆಯ ಬಾಯಿಗೆ ಸೌದೆ ತುರುಕಬೇಡಿರಿ. ಉರಿಯ ಹೆಚ್ಚು ಕಡಿಮೆಯನ್ನು ಸೌದೆಯಿಂದಲೇ ಹದಗೊಳಿಸಿರಿ. ಮುದ್ದೆಯ ಎಸರು ಕುದಿಯುವವರೆಗೆ ಜೋರು ಉರಿ. ಹಿಟ್ಟು ಹಾಕಿದ ಬಳಿಕ ಒಂದೆರಡು ಕೊಳ್ಳಿ ಹೊರತೆಗೆದು ಸಣ್ಣ ಉರಿ. ತೆಗೆದ ಕೊಳ್ಳಿಯನ್ನು ಅಂಗಳದಲ್ಲಿ ಆರಿಸಿರಿ.

4. ಹೊಗೆಕೊಳವೆಯ ತುದಿ ಛಾವಣಿಗಿಂತ ಎತ್ತರವಿರಲಿ. ಅದರ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಿರಿ. ಕೊಳವೆ ಇಲ್ಲದಿದ್ದರೆ ಕಿಟಕಿ, ಬಾಗಿಲು ತೆರೆದಿರಲಿ.

5. ಉರಿ ಹತ್ತಿಸಲು ಪ್ಲಾಸ್ಟಿಕ್ ಚೀಲ, ಹನಿ ನೀರಾವರಿಯ ಹಳೆಯ ಕೊಳವೆಗಳನ್ನು ಸುಡಬೇಡಿರಿ.

ಬಾಣಂತಿಯ ಕೋಣೆ: ಎಚ್ಚರಿಕೆ

ಚಳಿಗಾಲದಲ್ಲಿ ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಮುಚ್ಚುವ ರೂಢಿಯುಂಟು. ಕೆಂಡದಲ್ಲಿ ಹೊಗೆ ಕಾಣದು. ಆದರೆ ಬಣ್ಣ, ವಾಸನೆಗಳಿಲ್ಲದ ಮೋನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ತುಂಬಿ ನಿದ್ರೆಯಲ್ಲಿಯೇ ತಾಯಿ-ಮಗುವಿನ ಪ್ರಾಣ ತೆಗೆಯಬಲ್ಲದು. ಬಾಗಿಲು ಮುಚ್ಚಿ ಕೆಂಡವಿಡಲೇಬಾರದು. ಮಗುವನ್ನು ತಾಯಿಯ ಎದೆಗೆ ಒತ್ತಿ ಕಂಬಳಿ ಹೊದಿಸಿದರೆ ಬೆಚ್ಚಗಿರುತ್ತದೆ. ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ವಾಕರಿಕೆ, ಮಂಪರು ಕಂಡರೆ ಒಡನೆಯೇ ಎಲ್ಲರನ್ನೂ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ.

ಪತಿಯ ಪಾಲು

ಒಲೆ ಹೆಂಗಸರಿಗೆ ಸೇರಿದ್ದೆಂದು ಗಂಡಸರು ದೂರ ನಿಲ್ಲಬಾರದು. ಸೌದೆ ಸೀಳುವುದು, ಒಣಗಿಸುವುದು, ಕೊಳವೆಯ ಮಸಿ ತೆಗೆಯುವುದು ಪತಿಯ ಕೆಲಸವಾಗಲಿ. ಅಡುಗೆ ಅನಿಲವಿದ್ದರೆ, ಪತ್ನಿ ಗರ್ಭಿಣಿಯಾಗಿರುವಾಗ, ಮನೆಯಲ್ಲಿ ಎಳೆಗೂಸು ಇರುವಾಗ ಖರ್ಚಿಗೆ ಹಿಂಜರಿಯದೆ ಅದನ್ನೇ ಬಳಸಿರಿ. ಸ್ನಾನದ ನೀರಿನ ಒಲೆಯನ್ನು ಮನೆಯ ಹೊರಗೆ ಹೂಡಿರಿ.

ಒಲೆಯ ಹೊಗೆ ಕಡಿಮೆಯಾದಷ್ಟೂ ಸೌದೆ ಉಳಿಯುತ್ತದೆ. ಹುಟ್ಟಲಿರುವ ಮಗುವೂ ಕ್ಷೇಮವಾಗಿರುತ್ತದೆ.