ಸರ್ಟಿಫಿಕೇಟಿನ ಜೊತೆಗೆ ಕುರ್ಚಿಯನ್ನೂ ಕೇಳು

ಮೈಸೂರು

ಪ್ರೀತಿಯ ಪುಟ್ಟಿಗೆ,

 

ಮಹಿಳಾ ಅಧಿಕಾರಿಗಳ ನಾಯಕತ್ವ ತರಬೇತಿಗೆ ನಿಮ್ಮ ಬ್ಯಾಂಕಿನವರು ನಿನ್ನ ಹೆಸರು ಕಳಿಸಿದ್ದಾರಂತೆ. ಹೋಗಲೋ ಬೇಡವೋ ಅಂತ ನೀನು ಮೀನಮೇಷ ಎಣಿಸುತ್ತಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಮಗುವಿನ ಚಿಂತೆ ಒಂದು, ‘ಹೆಂಗಸರಿಗೇ ಅಂತ ಬೇರೆ ಕ್ಲಾಸ್ ಯಾಕೆ, ನಮಗೇನು ಕಡಿಮೆಯಾಗಿದೆ’ ಅನ್ನುವ ಸಿಟ್ಟು ಇನ್ನೊಂದು. ಮಗುವನ್ನು ನೋಡಿಕೊಳ್ಳಲು ನಾನು ಬರುತ್ತೇನೆ. ಅಳಿಯಂದಿರೂ ಅನ್ನ ಸಾರು ಮಾಡಲು ಬಾರದವರೇನಲ್ಲ. ಇನ್ನು ಸಿಟ್ಟಿನ ವಿಷಯ ಮಾತಾಡೋಣ.

ನಿನ್ನ ಸಿಟ್ಟು ನ್ಯಾಯವಾದದ್ದೇ. ಧೈರ್ಯವಾಗಿ ಮಾತಾಡಿ, ನೆಟ್ಟಗೆ ಕೂರಿ, ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಅಂತ ಮೂರು ದಿನ ಉಪದೇಶ ಮಾಡಿ, ಗ್ರೂಪ್ ಫೋಟೋ ತೆಗೆಸಿ ಮನೆಗೆ ಕಳಿಸುವ ತರಬೇತಿಗಳೂ ಇವೆ. ತೊಂದರೆಯೆಲ್ಲ ಹೆಂಗಸರಲ್ಲೇ ಇದೆ, ಅವರನ್ನು ರಿಪೇರಿ ಮಾಡಿದರೆ ಸಾಕು ಅನ್ನುವ ಧೋರಣೆ ಅಂಥ ಕಡೆ. ಆದರೂ ಹೋಗು ಅನ್ನುತ್ತೇನೆ. ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ಪಾಠ ಮಾಡಿದವಳು ನಾನು. ಒಳ್ಳೆಯ ತರಬೇತಿಯಿಂದ ಏನಾಗುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ.

ಕಳೆದ ವರ್ಷ ಮಾಡಿದ ಕೆಲಸವನ್ನು ಎರಡು ನಿಮಿಷದಲ್ಲಿ ಹೇಳಿ ಅಂತ ಹೆಂಗಸರ ಕ್ಲಾಸಿನಲ್ಲಿ ನಾವು ಒಂದು ಅಭ್ಯಾಸ ಮಾಡಿಸುತ್ತಿದ್ದೆವು. ಶಾಖೆಯ ಮ್ಯಾನೇಜರ್ ಒಬ್ಬಳು ಎದ್ದು, “ಸ್ಟಾಫ್ ಎಲ್ಲ ಸಹಕಾರ ಕೊಟ್ಟರು, ರೀಜನಲ್ ಮ್ಯಾನೇಜರ್ ಸರ್ ಮಾರ್ಗದರ್ಶನ ಇತ್ತು” ಅಂದು ಕೂತೇಬಿಟ್ಟಳು. “ಅದಿರಲಿ, ವಸೂಲಾಗದ ಸಾಲ, ಎನ್‌ಪಿಎ, ಎಷ್ಟು ಇಳಿಸಿದೆಯಮ್ಮ?” ಅಂದೆ. ಖಾತೆವಾರು ಅಂಕಿಯನ್ನು ಒಂದು ಸಾವಿರವೂ ಬಿಡದೆ ಒಪ್ಪಿಸಿದಳು. ಯಾವ ಸಾಲಗಾರನ ಮನೆಗೆ ಎಷ್ಟು ಸಲ ಅಲೆದು ಒನ್ ಟೈಮ್ ಸೆಟಲ್‌ಮೆಂಟಿಗೆ ಒಪ್ಪಿಸಿದಳೆಂಬುದೂ ಬಾಯಲ್ಲೇ ಇತ್ತು. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, “ಜಂಬ ಅನ್ನಿಸುತ್ತೆ ಮೇಡಂ” ಅಂದಳು. ಬಡ್ತಿಯ ಸಂದರ್ಶನದಲ್ಲಿ ಎದುರು ಕೂತವರಿಗೆ ಆ ಅಂಕಿ ತಾನಾಗಿ ಹೊಳೆಯುವುದಿಲ್ಲ ಪುಟ್ಟಿ. ಗಂಡಸರೂ ಇದ್ದ ಕ್ಲಾಸಿನಲ್ಲಾಗಿದ್ದರೆ ಆ ‘ಜಂಬ’ದ ಮಾತೂ ಅವಳ ಬಾಯಿಂದ ಬರುತ್ತಿರಲಿಲ್ಲ. ಬೇರೆ ಕ್ಲಾಸ್ ಯಾಕೆ ಅನ್ನುವುದಕ್ಕೆ ನನ್ನ ಉತ್ತರ ಇಷ್ಟೇ.

ನೀನು ಹೋಗುವ ತರಬೇತಿಯಲ್ಲಿ 360 ಡಿಗ್ರಿ ಫೀಡ್‌ಬ್ಯಾಕ್ ಅಂತ ಒಂದು ವರದಿ ಕೈಗೆ ಕೊಡಬಹುದು. ಮೇಲಿನವರು, ಜೊತೆಯವರು, ಕೈಕೆಳಗಿನವರು ನಿನ್ನ ಬಗ್ಗೆ ಬರೆದದ್ದು. ಕಡಿಮೆ ಅಂಕ ಬಿದ್ದ ಕಡೆಗೇ ಮೊದಲು ಕಣ್ಣು ಹೋಗುತ್ತದೆ, ಹೋಗಲಿ. ಕೈಕೆಳಗಿನವರು ಬರೆದದ್ದನ್ನು ಮಾತ್ರ ಎರಡು ಸಲ ಓದು. ನಿನ್ನ ನಾಯಕತ್ವದ ರುಚಿ ಉಂಡವರು ಅವರೇ.

ಇನ್ನು ಬಡ್ತಿಯ ವಿಷಯ. 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಹರ್ಮಿನಿಯಾ ಇಬಾರಾ ಅನ್ನುವವರು ಮತ್ತಿಬ್ಬರ ಜೊತೆ ಸೇರಿ ಒಂದು ಲೇಖನ ಬರೆದರು. ಹೆಂಗಸರಿಗೆ ಬುದ್ಧಿ ಹೇಳುವವರು ಧಾರಾಳವಾಗಿ ಸಿಗುತ್ತಾರೆ, ಬಡ್ತಿಯ ಮಾತು ಬಂದಾಗ ಅವರ ಹೆಸರೆತ್ತಿ ಪರವಾಗಿ ನಿಲ್ಲುವ ಹಿರಿಯರು ಸಿಗುವುದು ಕಡಿಮೆ ಅನ್ನುವುದು ಅದರ ಸಾರ. ನಮ್ಮ ಕಾಲದ ಕಥೆಯೂ ಅದೇ. ಬುದ್ಧಿಮಾತಿಗೆ ಬರವಿರಲಿಲ್ಲ. ನಮ್ಮನ್ನು ಕಳಿಸುತ್ತಿದ್ದದ್ದು ಮಾತ್ರ ಎಚ್‌ಆರ್‌ಗೆ, ಗ್ರಾಹಕ ಸೇವೆಗೆ, ತರಬೇತಿ ಕೇಂದ್ರಕ್ಕೆ. ಮರ್ಯಾದೆಯ ಕೆಲಸಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಬ್ಯಾಂಕಿನ ಲಾಭ ನಷ್ಟ ತೀರ್ಮಾನವಾಗುವುದು ಸಾಲ ವಿಭಾಗದಲ್ಲಿ, ಟ್ರೆಷರಿಯಲ್ಲಿ, ದೊಡ್ಡ ಶಾಖೆಗಳಲ್ಲಿ. ಮೇಲಕ್ಕೆ ಹೋಗುವ ದಾರಿಯೂ ಅಲ್ಲಿಂದಲೇ. ಕಡೆಯ ದಿನ ಜನರಲ್ ಮ್ಯಾನೇಜರ್ ಬಂದು ಕೂತಾಗ, “ತರಬೇತಿ ತುಂಬಾ ಉಪಯುಕ್ತವಾಗಿತ್ತು ಸರ್” ಅಂದು ಸುಮ್ಮನಾಗಬೇಡ. “ನನಗೆ ಸಾಲ ವಿಭಾಗದಲ್ಲಿ ಕೆಲಸ ಬೇಕು” ಅನ್ನು.

ಬಡ್ತಿ ಸಿಕ್ಕರೆ ವರ್ಗವಾದೀತು ಅನ್ನುವ ಭಯ ನನಗೆ ಗೊತ್ತು. ‘ವೈಯಕ್ತಿಕ ಕಾರಣಗಳಿಂದ’ ಅಂತ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟು ಬಡ್ತಿ ಬಿಟ್ಟ ಹೆಂಗಸರನ್ನು ಕಂಡಿದ್ದೇನೆ. ಅವರ ಜೊತೆ ಕೆಲಸಕ್ಕೆ ಸೇರಿದ ಗಂಡಸರು ಆಮೇಲೆ ಅವರ ಮೇಲಧಿಕಾರಿಗಳಾದರು. ಆ ಹೆಂಗಸರನ್ನು ನಾನು ದೂರುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಹತ್ತನೇ ಕ್ಲಾಸಿನ ಮಗ ಇದ್ದಾಗ ಇನ್ನೇನು ಮಾಡುತ್ತಾರೆ? ಬದಲಾಗಬೇಕಾದದ್ದು ನಿಯಮ. ಅರುಂಧತಿ ಭಟ್ಟಾಚಾರ್ಯ 1977ರಲ್ಲಿ ಪ್ರೊಬೇಷನರಿ ಆಫೀಸರ್ ಆಗಿ ಸ್ಟೇಟ್ ಬ್ಯಾಂಕಿಗೆ ಸೇರಿ, 2013ರಲ್ಲಿ ಅದರ ಮೊದಲ ಮಹಿಳಾ ಅಧ್ಯಕ್ಷರಾದರು. ಮಕ್ಕಳ, ಹಿರಿಯರ ಆರೈಕೆಗೆ ಮಹಿಳಾ ಸಿಬ್ಬಂದಿ ಎರಡು ವರ್ಷದವರೆಗೆ ರಜೆ ಪಡೆಯುವ ಅನುಕೂಲಕ್ಕೆ ಅವರು ಒತ್ತಾಸೆಯಾದರು. ಆ ಕಷ್ಟದ ಅರಿವಿದ್ದವರು ಕುರ್ಚಿಯಲ್ಲಿ ಕೂತರೆ ಇಂಥ ನಿಯಮ ಬೇಗ ಬರುತ್ತದೆ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು ಅಂದಿದೆ. ಅಂಥ ಜಾಗಕ್ಕೆ ಹೋಗಿ ಬಾಯಿ ಬಿಡಬೇಕಾದರೆ ಲೆಕ್ಕಪತ್ರದ ಮೇಲೆ ಹಿಡಿತ ಬೇಕು. ಅದಕ್ಕೇ ಅಂಕಿಯಿರುವ ಕೆಲಸ ಕೇಳು ಅನ್ನುತ್ತಿರುವುದು.

ಇನ್ನೊಂದು ಮಾತು. ವಾಪಸು ಬಂದಮೇಲೆ ನಿನ್ನ ಕೈಕೆಳಗಿನ ಹುಡುಗಿಯರಲ್ಲಿ ಒಬ್ಬಳ ಹೆಸರನ್ನು ನೀನು ಮುಂದಿಡು. ಬುದ್ಧಿ ಹೇಳಿ ಕೈತೊಳೆದುಕೊಂಡರೆ ನಮಗೂ, ನಮಗೆ ಬರೀ ಬುದ್ಧಿ ಹೇಳಿದವರಿಗೂ ಏನು ವ್ಯತ್ಯಾಸ?

ತರಬೇತಿ ಮುಗಿದಮೇಲೆ ಸರ್ಟಿಫಿಕೇಟಿನ ಫೋಟೋ ನನಗೆ ಕಳಿಸಬೇಡ. ಯಾವ ಕೆಲಸ ಕೇಳಿದೆ, ಅವರು ಏನಂದರು, ಅದನ್ನು ಬರೆ.

ಇತಿ,
ನಿನ್ನ ದೊಡ್ಡಮ್ಮ