ದನಿ ಕೇಳಿ ಗಲ್ಲಾ ತೆಗೆಯಬೇಡ, ತಮ್ಮಾ

ಅಪ್ಪನ ಅಂಗಡಿ ಈಗ ನಿನ್ನ ಕೈಗೆ ಬಂದಿದೆ. ಮಾಲು ಎಲ್ಲಿಂದ ತರಿಸಬೇಕು, ಯಾರಿಗೆ ಎಷ್ಟು ಉದ್ರಿ ಕೊಡಬೇಕು ಎಂಬುದನ್ನು ನಾನು ಹೇಳಿಕೊಡುವ ಹಾಗಿಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ ಅಂಕೋಲೆ ಪೇಟೆಯಲ್ಲಿ ಮೀನಿನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡ್ ಬಂದು ಕೂತಿದೆ. ಹಣ ಕಣ್ಣಿಗೆ ಕಾಣದೆ ಓಡಾಡುವ ಕಾಲ ಇದು. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಮೋಸಗಾರನನ್ನು ನಾವು ಇಷ್ಟು ದಿನ ಹಿಡಿಯುತ್ತಿದ್ದದ್ದು ಅವನ ಮಾತಿನಿಂದ. ಬ್ಯಾಂಕಿನಿಂದ ಎಂದು ಫೋನ್ ಮಾಡಿದವನು ಅರೆಬರೆ ಕನ್ನಡದಲ್ಲಿ ತಡವರಿಸಿದರೆ, ಬಂದ ಸಂದೇಶಕ್ಕೆ ತಲೆಬುಡ ಇಲ್ಲದಿದ್ದರೆ, ಅಂಗಡಿ ಹುಡುಗನೂ ನಕ್ಕು ಫೋನ್ ಇಟ್ಟುಬಿಡುತ್ತಿದ್ದ. ಅಂಕೋಲೆಯ ಕನ್ನಡವಾಗಲಿ ಕಾರವಾರದ ಕೊಂಕಣಿಯಾಗಲಿ ಹೊರಗಿನವನ ಬಾಯಿಗೆ ಸುಲಭಕ್ಕೆ ಹತ್ತುವಂಥದ್ದಲ್ಲ, ಅದೇ ನಮಗೊಂದು ಕಾವಲಾಗಿತ್ತು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಆ ಕಾವಲು ಹೋಯಿತು. ಯಂತ್ರವೇ ಈಗ ತಪ್ಪಿಲ್ಲದ ಕನ್ನಡದಲ್ಲಿ ಪತ್ರ ಬರೆಯುತ್ತದೆ. ಒಬ್ಬರ ಮಾತಿನ ಮೂರು ಸೆಕೆಂಡಿನ ತುಣುಕು ಸಿಕ್ಕರೆ ಅವರ ದನಿಯಲ್ಲೇ ಏನನ್ನಾದರೂ ಹೇಳಿಸಬಹುದೆಂದು ಮೈಕ್ರೋಸಾಫ್ಟಿನ ಸಂಶೋಧಕರು 2023ರ ಜನವರಿಯಲ್ಲೇ ತೋರಿಸಿದ್ದರು. ಕರಿ ಇಶಾಡ ಮಾವಿನ ಬುಟ್ಟಿ ಮುಂದಿಟ್ಟುಕೊಂಡು ನೀನು ಹಾಕುವ ರೀಲ್ಸ್‌ನಲ್ಲಿ ಅದಕ್ಕಿಂತ ಹೆಚ್ಚೇ ದನಿ ಇದೆ. ರೀಲ್ಸ್ ಬಿಟ್ಟುಬಿಡು ಎನ್ನುವುದಿಲ್ಲ. 2023ರಲ್ಲಿ ಆ ಹಣ್ಣಿಗೆ ಜಿಐ ಟ್ಯಾಗ್ ಸಿಕ್ಕಿದೆ, ದೂರದ ಗಿರಾಕಿ ಬೇಕಾದರೆ ರೀಲ್ಸೂ ಬೇಕು. ಆದರೆ ನಿನ್ನ ದನಿಯನ್ನು ಬೇರೆಯವರೂ ಆಡಬಲ್ಲರು ಎಂಬುದು ಮನೆಯವರಿಗೆ, ಕೆಲಸದವರಿಗೆ ಗೊತ್ತಿರಲಿ.

ದನಿಯಷ್ಟೇ ಅಲ್ಲ, ಮುಖವೂ ಹಾಗೆಯೇ. 2023ರ ಜುಲೈನಲ್ಲಿ ಕೋಝಿಕ್ಕೋಡಿನ ನಿವೃತ್ತ ನೌಕರರೊಬ್ಬರಿಗೆ ವಾಟ್ಸಾಪಿನಲ್ಲಿ ಹಳೆಯ ಸಹೋದ್ಯೋಗಿಯ ವಿಡಿಯೊ ಕರೆ ಬಂತು. ಅದೇ ಮುಖ, ಅದೇ ದನಿ. ಆಸ್ಪತ್ರೆಯ ತುರ್ತು ಎಂದದ್ದಕ್ಕೆ 40,000 ರೂಪಾಯಿ ಕಳಿಸಿದರು. ಮತ್ತೆ ಹಣ ಕೇಳಿದಾಗ ಸಂಶಯ ಬಂದು, ತಮ್ಮ ಬಳಿ ಮೊದಲಿಂದ ಇದ್ದ ನಂಬರಿಗೆ ತಾವೇ ಫೋನ್ ಮಾಡಿದರು. ಗೆಳೆಯನಿಗೆ ಯಾವ ಸುದ್ದಿಯೂ ಗೊತ್ತಿರಲಿಲ್ಲ! ಕೂಡಲೇ ದೂರು ಕೊಟ್ಟದ್ದರಿಂದ ಪೊಲೀಸರು ಹಣ ಹೋದ ಖಾತೆಯನ್ನು ಹುಡುಕಿ ತಡೆದರು. ಅದರ ಮರುವರ್ಷ ಹಾಂಗ್‌ಕಾಂಗಿನಲ್ಲಿ ಇದೇ ಆಟ ದೊಡ್ಡದಾಗಿ ನಡೆಯಿತು. ಸಿಡ್ನಿ ಒಪೇರಾ ಹೌಸ್‌ಗೆ ಎಂಜಿನಿಯರಿಂಗ್ ಮಾಡಿದ ಅರೂಪ್ ಕಂಪನಿಯ ನೌಕರರೊಬ್ಬರು ವಿಡಿಯೊ ಸಭೆಯಲ್ಲಿ ಮೇಲಧಿಕಾರಿಗಳನ್ನು ಕಂಡು, ಅವರ ಮಾತು ನಂಬಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ರವಾನಿಸಿದರು. ಸಭೆಯಲ್ಲಿ ಕಂಡ ಮುಖಗಳೆಲ್ಲ ಯಂತ್ರ ಮಾಡಿದ ವೇಷ. ಅಷ್ಟು ದೊಡ್ಡ ಕಂಪನಿಯಲ್ಲೂ ಫೋನ್ ಎತ್ತಿ ಒಂದು ಸಲ ತಿರುಗಿ ಕೇಳುವ ಪದ್ಧತಿ ಆ ಹೊತ್ತಿಗೆ ನೆರವಿಗೆ ಬರಲಿಲ್ಲ.

ನಾನು ಹೇಳುವುದು ಆ ಪದ್ಧತಿಯನ್ನೇ. ಹಣದ ಮಾತು ಬಂದರೆ ಫೋನ್ ಇಡು. ನಿನ್ನ ವಹಿಯಲ್ಲಿ ಹಿಂದಿನಿಂದ ಬರೆದಿಟ್ಟ ನಂಬರಿಗೆ ನೀನೇ ಮಾಡು. ಬಂದ ಕರೆಯ ನಂಬರಿಗೆ ತಿರುಗಿ ಮಾಡಿದರೆ ಆಗಲಿಲ್ಲ, ಅದು ಅವನ ಹತ್ತಿರವೇ ಹೋಗುತ್ತದೆ. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸದಕ್ಕೆ ಹಾಕಿ' ಎಂದು ಬಿಲ್ಲಿನ ಸಮೇತ ಮೇಲ್ ಕಳಿಸಿದರೂ ಇದೇ ಕ್ರಮ. ಅವರ ಲೆಟರ್‌ಹೆಡ್, ಸಹಿ, ಮಾತಿನ ವರಸೆ ಎಲ್ಲ ಸರಿ ಇರಬಹುದು. ಅದು ಯಾವುದಕ್ಕೂ ಈಗ ಬೆಲೆ ಇಲ್ಲ. ವ್ಯಾಪಾರಸ್ಥನಾದವನು ಇಂಥ ವಿಚಾರಣೆಗೆ ಬೇಸರಪಡುವುದಿಲ್ಲ. 'ಈಗಲೇ ಹಾಕಿ, ಯಾರಿಗೂ ಹೇಳಬೇಡಿ' ಎಂದು ಅವಸರ ಮಾಡುವವನ ಮೇಲೆ ನನಗಂತೂ ನಂಬಿಕೆ ಇಲ್ಲ.

ಕಾರವಾರದ ಕಡೆಯವರಿಗೆ ಇನ್ನೊಂದು ಅಪಾಯ ಇದೆ. ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಅಮದಳ್ಳಿಯಲ್ಲಿ ನೌಕಾಪಡೆಯವರ ವಸತಿ ಇದೆ. ನೇವಿಯವರೆಂದರೆ ನಮ್ಮ ಅಂಗಡಿಗಳಿಗೆ ಒಳ್ಳೆಯ ಗಿರಾಕಿಗಳು, ಎದ್ದು ನಿಂತು ಮರ್ಯಾದೆ ಕೊಡುತ್ತೇವೆ. ಸೈನಿಕರ ಸೋಗು ಹಾಕುವ ವಂಚಕರಿಗೆ ಬೇಕಾದದ್ದು ಈ ಮರ್ಯಾದೆಯೇ. ದೇಶದ ಎಷ್ಟೋ ಊರುಗಳಲ್ಲಿ ನಡೆದ ಕತೆ ಇದು: ಐವತ್ತು ಊಟವೋ ಹತ್ತು ಮೂಟೆ ಅಕ್ಕಿಯೋ ಬೇಕೆಂದು ಫೋನ್ ಬರುತ್ತದೆ, ಯೂನಿಫಾರ್ಮಿನ ಫೋಟೊ, ಗುರುತಿನ ಚೀಟಿ ಬರುತ್ತದೆ. 'ನಮ್ಮಲ್ಲಿ ಹಣ ಪಾವತಿಯ ರೀತಿ ಬೇರೆ, ಮೊದಲು ನೀವು ಒಂದು ರೂಪಾಯಿ ಕಳಿಸಿ, ಎರಡು ಬರುತ್ತದೆ' ಎನ್ನುತ್ತಾರೆ. ನಿಜಕ್ಕೂ ಬರುತ್ತದೆ. ಆಮೇಲೆ ಒಂದು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳುತ್ತಾರೆ, ಖಾತೆ ಖಾಲಿ. ಮೊದಲು ಆ ಫೋಟೊಗಳನ್ನು ಎಲ್ಲಿಂದಲೋ ಕದಿಯಬೇಕಿತ್ತು. ಈಗ ಬೇಕಾದ ಮುಖಕ್ಕೆ ಬೇಕಾದ ಯೂನಿಫಾರ್ಮ್ ಹಾಕಿಸಲು ನಿಮಿಷ ಸಾಕು. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಬೇಡ. ಯಂತ್ರ ಎಷ್ಟೇ ಜಾಣವಾಗಿರಲಿ, ಕೊನೆಗೆ ಪಿನ್ ಒತ್ತುವುದು ನಿನ್ನ ಬೆರಳೇ ತಾನೆ?

ಇದರ ಜೊತೆಗೇ ಹೇಳಿಬಿಡುತ್ತೇನೆ. ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಅದು ಶುರುವಾದದ್ದು ಸಾಮಾಜಿಕ ಜಾಲತಾಣದ ಗೆಳೆತನದಿಂದ ಎಂಬುದು ತನಿಖೆಯವರ ಮಾತು. ನೆಲೆಗೆ ಸಾಮಾನು ಪೂರೈಸುವವರು, ಅಲ್ಲಿ ಗುತ್ತಿಗೆಗೆ ಹೋಗುವವರು ಮಾತು ಬಿಗಿಹಿಡಿಯಬೇಕು.

ಭಯ ಹುಟ್ಟಿಸುವುದು ವಂಚಕರ ಇನ್ನೊಂದು ದಾರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬೋರ್ಡು ಎದ್ದಿತು, ನೆನಪಿದೆಯಲ್ಲ? ಅಂಥ ಹೆದರಿಕೆಯ ಹೊತ್ತಿನಲ್ಲಿ ನೋಟಿಸ್ ಎಂದು ಮೊಬೈಲಿಗೆ ಬಂದದ್ದನ್ನು ಒತ್ತದವರು ಕಡಿಮೆ. ಕೊನೆಯಲ್ಲಿ ಎಪಿಕೆ ಎಂದಿರುವ ಫೈಲನ್ನು ತೆರೆಯಲೇಬೇಡ, ಮದುವೆ ಕರೆಯೋಲೆ ಎಂದಿರಲಿ, ವಾಹನದ ದಂಡದ ಚಲನ್ ಎಂದಿರಲಿ. ಅದು ಒಳಗೆ ಕೂತರೆ ನಿನ್ನ ಒಟಿಪಿಗಳನ್ನು ವಂಚಕನೇ ಓದುತ್ತಾನೆ. ನೋಟಿಸ್ ನಿಜವೋ ಎಂದು ತೆರಿಗೆ ಕಚೇರಿಯಲ್ಲೋ ಲೆಕ್ಕ ಬರೆಯುವವರ ಹತ್ತಿರವೋ ಕೇಳಿಕೊಂಡು ಬಾ. ಬ್ಯಾಂಕಿನ ವೆಬ್ ವಿಳಾಸ ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಮುಗಿಯಬೇಕು. 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ಇನ್ನು ನಾರಾಯಣ ಮೂರ್ತಿಯವರೇ ವಿಡಿಯೊದಲ್ಲಿ ಬಂದು ಷೇರಿನಲ್ಲಿ ಹಣ ಹಾಕಿ ಎಂದರೆ ನಕ್ಕು ಮುಂದೆ ಹೋಗು. ಆ ವಿಡಿಯೊಗಳು ಸುಳ್ಳೆಂದು ಅವರೇ 2023ರಲ್ಲಿ ಹೇಳಿದ್ದಾರೆ.

ಕಾರವಾರದಲ್ಲಿ ಹೋಮ್‌ಸ್ಟೇ ನಡೆಸುವ ಅಕ್ಕನಿಗೂ ಹೇಳು: ವಾಟ್ಸಾಪಿನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಕೊಳ್ಳಲಿ, ಆರು ಅಂಕಿಯ ಕೋಡ್ ಕೇಳಿದವರಿಗೆ ಕೊಡದಿರಲಿ, ಗೂಗಲ್ ಮ್ಯಾಪಿನಲ್ಲಿ ತನ್ನ ಫೋನ್ ನಂಬರೇ ಇದೆಯೋ ಎಂದು ಆಗಾಗ ನೋಡಲಿ. ನಿನ್ನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ ಅದಕ್ಕೆ 2025ರ ಅಕ್ಟೋಬರ್ 14ಕ್ಕೇ ಮಾಮೂಲಿನ ರಕ್ಷಣೆ ನಿಂತಿದೆ, ಬದಲಾಯಿಸು. ವಾರಕ್ಕೊಮ್ಮೆ ಲೆಕ್ಕವನ್ನು ಬೇರೆ ಹಾರ್ಡ್ ಡಿಸ್ಕಿಗೆ ಇಳಿಸಿ, ಅದನ್ನು ಬಿಚ್ಚಿ ಇಡು. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಒಂದು ಕಂಪನಿಯ ವ್ಯವಸ್ಥೆಗೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತ್ತು. ಅಂಥ ದಿನ ಗಲ್ಲಾದಲ್ಲಿ ಸ್ವಲ್ಪ ನಗದು, ಕೈಯಲ್ಲಿ ಬರೆದ ಉದ್ರಿ ವಹಿ ಇದ್ದವನ ವ್ಯಾಪಾರ ನಡೆಯುತ್ತದೆ.

ಇಷ್ಟಾದರೂ ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಈ ನಂಬರನ್ನು ಅಂಕೋಲೆಯವರಿಗೆ ಬಾಯಿಪಾಠ ಮಾಡಿಸಬೇಕಿಲ್ಲ, ನಮ್ಮೂರ ಉಪ್ಪಿನ ಸತ್ಯಾಗ್ರಹದ ವರ್ಷವೇ ಅದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುವ ಮೊದಲು ಹೇಳಿದರೆ ನಡುವೆ ತಡೆಯಲು ಬರುತ್ತದೆ. ಆಮೇಲೆ ಕಾರವಾರದ ಸೈಬರ್ ಅಪರಾಧ ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡು. ನಮ್ಮ ಕಡೆ ಜನ ಇದನ್ನು ಮುಚ್ಚಿಡುತ್ತಾರೆ, ಪೇಟೆಯಲ್ಲಿ ನಗುತ್ತಾರೆಂದು. ನಿನ್ನ ಅಂಗಡಿ ಹುಡುಗ ಮೋಸಹೋದರೆ ಅವನಿಗೆ ಬೈಯಬೇಡ. ಬೈಗುಳಕ್ಕೆ ಹೆದರಿ ಅವನು ಸಂಜೆಯವರೆಗೆ ಸುಮ್ಮನಿದ್ದರೆ ಆ ಹಣ ಸಿಗುವುದು ಕಷ್ಟ. ಏನೇ ಆದರೂ ಆ ಕ್ಷಣವೇ ಬಂದು ಹೇಳು ಎಂದು ಇವತ್ತು ಬಾಗಿಲು ಹಾಕುವ ಮೊದಲು ಅವನಿಗೆ ಹೇಳಿಬಿಡು.